ಶಿಖರ ಮುಟ್ಟದೆಯೂ ಗೆದ್ದ ಹಂಬೋಲ್ಟ್

ಮಕ್ಕಳೇ, ಬೆಟ್ಟದ ತುದಿ ತಲುಪದೆ ಅರ್ಧದಲ್ಲೇ ಹಿಂದಿರುಗಿದರೆ ಶ್ರಮವೆಲ್ಲ ವ್ಯರ್ಥವೇ? ಈ ವಿಜ್ಞಾನಿಯ ಕಥೆ ಓದಿ, ನೀವೇ ಹೇಳಿ.

ಅಲೆಕ್ಸಾಂಡರ್ ವಾನ್ ಹಂಬೋಲ್ಟ್ 1769ರ ಸೆಪ್ಟೆಂಬರ್ 14ರಂದು ಬರ್ಲಿನ್ ನಗರದಲ್ಲಿ ಜನಿಸಿದರು. ಬಾಲ್ಯದಿಂದಲೇ ಗಿಡ, ಕೀಟ, ಕಲ್ಲುಗಳನ್ನು ಸಂಗ್ರಹಿಸುತ್ತಿದ್ದರು. ಗಣಿ ಇಲಾಖೆಯ ಅಧಿಕಾರಿಯಾದರೂ ಆ ಕೆಲಸ ಬಿಟ್ಟು, 1799ರಲ್ಲಿ ಸಸ್ಯವಿಜ್ಞಾನಿ ಬಾನ್‌ಪ್ಲಾಂಡ್ ಅವರೊಡನೆ ದಕ್ಷಿಣ ಅಮೆರಿಕಕ್ಕೆ ಹೊರಟರು.

ಇಂದಿನ ಎಕ್ವಡಾರ್ ದೇಶದಲ್ಲಿ ಚಿಂಬೊರಾಸೊ ಎಂಬ ಜ್ವಾಲಾಮುಖಿ ಪರ್ವತವಿದೆ. ಎತ್ತರ 6,263 ಮೀಟರ್. ಅದೇ ಜಗತ್ತಿನ ಅತಿ ಎತ್ತರದ ಪರ್ವತವೆಂದು ಆಗ ಯುರೋಪಿನವರು ನಂಬಿದ್ದರು. 1802ರ ಜೂನ್ 23ರಂದು ಹಂಬೋಲ್ಟ್ ಮತ್ತು ಸಂಗಡಿಗರು ಅದನ್ನು ಏರತೊಡಗಿದರು. ದಾರಿ ಕಡಿದಾಗಿತ್ತು, ಕೆಲವೆಡೆ ಕೈಯೂರಿ ಹತ್ತಬೇಕಿತ್ತು. ಆಮ್ಲಜನಕ ಸಾಲದೆ ತಲೆ ಸುತ್ತಿತು, ಒಸಡಿನಿಂದ ರಕ್ತ ಬಂತು. ಆದರೂ ಅವರು ಅಳತೆ ಮಾಡುವುದನ್ನು ಬಿಡಲಿಲ್ಲ. ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆಯಾಗಿ ವಾಯುಭಾರಮಾಪಕದ ಪಾದರಸ ಇಳಿಯುತ್ತದೆ. ಅದನ್ನು ನೋಡಿ ಎತ್ತರವನ್ನು ಲೆಕ್ಕ ಹಾಕಿದರು. ಸುಮಾರು 5,800 ಮೀಟರ್ ತಲುಪಿದಾಗ ಆಳವಾದ ಕಂದರ ಅಡ್ಡಬಂತು. ಹಿಂದಿರುಗದೆ ಬೇರೆ ದಾರಿಯಿರಲಿಲ್ಲ.

ಶಿಖರ ಸಿಗಲಿಲ್ಲ, ಆದರೆ ಪುಸ್ತಕದ ತುಂಬ ಟಿಪ್ಪಣಿಗಳಿದ್ದವು. ತಗ್ಗಿನಲ್ಲಿ ತಾಳೆ, ಬಾಳೆ, ಎತ್ತರದಲ್ಲಿ ಹುಲ್ಲು, ಹಿಮದ ಅಂಚಿನಲ್ಲಿ ಬಂಡೆಗೆ ಅಂಟಿದ ಕಲ್ಲುಹೂವು. ಎತ್ತರ ಹೆಚ್ಚಿದಂತೆ ಉಷ್ಣತೆ ಇಳಿಯುತ್ತದೆ, ಅದಕ್ಕೆ ತಕ್ಕಂತೆ ಸಸ್ಯಗಳೂ ಬದಲಾಗುತ್ತವೆ. ಇದನ್ನು ಅವರು ಪರ್ವತದ ಒಂದೇ ಚಿತ್ರದಲ್ಲಿ ತೋರಿಸಿ 1807ರಲ್ಲಿ ಪ್ರಕಟಿಸಿದರು. ಸಸ್ಯಭೂಗೋಳ ಎಂಬ ವಿಜ್ಞಾನಶಾಖೆಗೆ ಅದು ಬುನಾದಿಯಾಯಿತು. ಹಂಬೋಲ್ಟ್ 1859ರ ಮೇ 6ರಂದು ನಿಧನರಾದರು.

ಗುರುಗಳೊಡನೆ ಬೆಟ್ಟಕ್ಕೆ ಹೋದಾಗ ನೀವೂ ನೋಟ್‌ಬುಕ್ ಒಯ್ಯಿರಿ. ಬುಡದಲ್ಲಿ, ನಡುವೆ, ತುದಿಯಲ್ಲಿ ಕಂಡ ಗಿಡಗಳನ್ನು ಬರೆದು ಹೋಲಿಸಿ ನೋಡಿ.