ಗಣಿತವಿದುಷಿ ಸೋಫಿಯಾ ಕೊವಲೆವ್‌ಸ್ಕಾಯಾ

ಎತ್ತರದಿಂದ ಬಿಟ್ಟ ಕಲ್ಲು ಮೂರು ಸೆಕೆಂಡುಗಳಲ್ಲಿ ಎಷ್ಟು ದೂರ ಬೀಳುವುದೆಂಬ ಲೆಕ್ಕವನ್ನು ಹೈಸ್ಕೂಲಿನ ಬಾಲಿಕೆಯರು ಸೂತ್ರದ ಬಲದಿಂದ ಬಿಡಿಸುವರು. ಆದರೆ ಆ ಸೂತ್ರವು ಎಲ್ಲಿಂದ ಬಂದಿತೆಂದು ವಿಚಾರಿಸುವವರು ವಿರಳ. ಚಲನೆಯ ಲೆಕ್ಕಗಳನ್ನು ಮೂಲದಿಂದಲೇ ಶೋಧಿಸಿ ಯೂರೋಪಿನ ಪಂಡಿತರ ಮನ್ನಣೆಯನ್ನು ಗಳಿಸಿದ ಮಹಿಳೆಯೊಬ್ಬಳ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಿದೆ.

ಸೋಫಿಯಾ ೧೮೫೦ನೆಯ ಇಸವಿ ಜನವರಿ ೧೫ರಂದು ರಷ್ಯಾ ದೇಶದ ಮಾಸ್ಕೋ ನಗರದಲ್ಲಿ ಜನಿಸಿದಳು. ತಂದೆಯು ಫಿರಂಗಿ ದಳದ ಸೇನಾಧಿಪತಿ. ಆತನು ನಿವೃತ್ತನಾದ ಮೇಲೆ ಕುಟುಂಬವು ಪಲಿಬಿನೋ ಎಂಬ ಹಳ್ಳಿಯ ಮನೆಯಲ್ಲಿ ನೆಲಸಿತು. ಆ ಮನೆಯ ಗೋಡೆಗಳಿಗೆ ಅಲಂಕಾರದ ಕಾಗದವನ್ನು ಅಂಟಿಸುವಾಗ ಮಕ್ಕಳ ಕೋಣೆಗೆ ಕಾಗದವು ಸಾಲದೆ ಹೋಯಿತು. ಆಗ ತಂದೆಯು ಯೌವನದಲ್ಲಿ ಕೊಂಡಿಟ್ಟಿದ್ದ, ಓಸ್ಟ್ರೋಗ್ರಾಡ್‌ಸ್ಕಿ ಎಂಬ ಪಂಡಿತನ ಕಲನಶಾಸ್ತ್ರೋಪನ್ಯಾಸಗಳ ಹಾಳೆಗಳನ್ನೇ ಅಲ್ಲಿ ಅಂಟಿಸಿದರು. ಬಾಲಿಕೆಯು ಅರ್ಥವಾಗದ ಆ ಚಿಹ್ನೆಗಳನ್ನು ಗಂಟೆಗಟ್ಟಲೆ ದಿಟ್ಟಿಸುತ್ತ ನಿಲ್ಲುವಳು. ಮುಂದೆ ಪೀಟರ್ಸ್‌ಬರ್ಗಿನಲ್ಲಿ ಗುರುವೊಬ್ಬನು ಕಲನಶಾಸ್ತ್ರವನ್ನು ಬೋಧಿಸಲಾರಂಭಿಸಿದಾಗ, ಈಕೆ ಅದನ್ನು ಮೊದಲೇ ಅರಿತವಳಂತೆ ಗ್ರಹಿಸಿದುದನ್ನು ಕಂಡು ಆತನು ವಿಸ್ಮಯಪಟ್ಟನು.

ಆ ಶಾಸ್ತ್ರದ ಪ್ರಯೋಜನವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಬೀಳುವ ಕಲ್ಲಿನ ವೇಗವು ಪ್ರತಿ ಸೆಕೆಂಡಿಗೂ ಸುಮಾರು ೯.೮ ಮೀಟರಿನಷ್ಟು ಹೆಚ್ಚುವುದು. ವೇಗದ ಬದಲಾವಣೆಯನ್ನು ಹೇಳುವ ಈ ಮಾತೇ ಒಂದು ಅವಕಲ ಸಮೀಕರಣ. ಇದನ್ನು ಒಮ್ಮೆ ಅನುಕಲಿಸಿದರೆ ವೇಗವೂ, ಮತ್ತೊಮ್ಮೆ ಅನುಕಲಿಸಿದರೆ ದೂರವೂ ದೊರೆಯುವುವು. ನಿಶ್ಚಲಸ್ಥಿತಿಯಿಂದ ಬಿಟ್ಟ ಕಲ್ಲಿಗೆ, ಗಾಳಿಯ ತಡೆಯನ್ನು ಗಣಿಸದಿದ್ದರೆ, ಮೂರು ಸೆಕೆಂಡುಗಳ ಕೊನೆಯಲ್ಲಿ ವೇಗವು ೨೯.೪ ಮೀಟರು, ಬಿದ್ದ ದೂರವು ೪೪.೧ ಮೀಟರು. ಕಲ್ಲನ್ನು ಬಿಡದೆ ಎಸೆದಿದ್ದರೆ ಆರಂಭದ ವೇಗವನ್ನೂ ಸೇರಿಸಬೇಕು. ವೇಗೋತ್ಕರ್ಷವು ಕ್ಷಣಕ್ಷಣಕ್ಕೂ ಬದಲಾಗುವ ಕಡೆ ಬಾಯಿಪಾಠದ ಸೂತ್ರವು ಕೈಬಿಡುವುದು, ಸಮೀಕರಣವು ಕೈಬಿಡದು.

ಆ ಕಾಲದ ರಷ್ಯಾದಲ್ಲಿ ಸ್ತ್ರೀಯರಿಗೆ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿತ್ತು. ತಂದೆಯ ಇಲ್ಲವೆ ಪತಿಯ ಅನುಮತಿಯಿಲ್ಲದೆ ಪರದೇಶಕ್ಕೆ ಹೋಗುವಂತೆಯೂ ಇರಲಿಲ್ಲ. ಆದುದರಿಂದ ಸೋಫಿಯಾ ೧೮೬೮ರಲ್ಲಿ ವ್ಲಾಡಿಮಿರ್ ಕೊವಲೆವ್‌ಸ್ಕಿ ಎಂಬ ವಿದ್ಯಾವಂತನನ್ನು ವ್ಯಾಸಂಗದ ಸಲುವಾಗಿಯೇ ನಾಮಮಾತ್ರಕ್ಕೆ ವಿವಾಹವಾಗಿ, ಮರುವರ್ಷ ಜರ್ಮನಿಯ ಹೈಡೆಲ್‌ಬರ್ಗಿಗೆ ಹೋದಳು. ೧೮೭೦ರಲ್ಲಿ ಬರ್ಲಿನ್ನಿಗೆ ಬಂದಾಗ ಅಲ್ಲಿಯೂ ಉಪನ್ಯಾಸಗಳಿಗೆ ಪ್ರವೇಶ ದೊರೆಯಲಿಲ್ಲ. ಆದರೆ ಗಣಿತಶ್ರೇಷ್ಠನಾದ ವೈಯರ್‌ಸ್ಟ್ರಾಸನು ಆಕೆಯ ಪ್ರತಿಭೆಯನ್ನು ಪರೀಕ್ಷಿಸಿ, ನಾಲ್ಕು ವರ್ಷಗಳ ಕಾಲ ಖಾಸಗಿಯಾಗಿ ಪಾಠ ಹೇಳಿದನು. ೧೮೭೪ರಲ್ಲಿ ಗಟಿಂಗೆನ್ ವಿಶ್ವವಿದ್ಯಾನಿಲಯವು ಡಾಕ್ಟರ್ ಪದವಿಯನ್ನಿತ್ತಿತು. ಆರಂಭದ ಸ್ಥಿತಿಯನ್ನು ಕೊಟ್ಟರೆ ಎಂತಹ ಅವಕಲ ಸಮೀಕರಣಗಳಿಗೆ ಉತ್ತರವು ಖಂಡಿತವಾಗಿ ಉಂಟು, ಅದೂ ಒಂದೇ ಒಂದು, ಎಂಬುದನ್ನು ಆಕೆ ತನ್ನ ಪ್ರಬಂಧದಲ್ಲಿ ಸಾಧಿಸಿದ್ದಳು. ಆ ಪ್ರಮೇಯವು ಇಂದಿಗೂ ಕೋಶಿ ಎಂಬ ಪಂಡಿತನ ಹೆಸರಿನೊಡನೆ ಆಕೆಯ ಹೆಸರನ್ನೂ ಧರಿಸಿದೆ.

ಇಷ್ಟಾದರೂ ಸ್ವದೇಶದಲ್ಲಿ ಆಕೆಗೆ ದೊರೆಯಬಹುದಾಗಿದ್ದುದು ಬಾಲಿಕಾ ಪಾಠಶಾಲೆಯ ಕೆಳತರಗತಿಗಳಲ್ಲಿ ಅಂಕಗಣಿತವನ್ನು ಕಲಿಸುವ ಕೆಲಸವಷ್ಟೆ. ೧೮೭೮ರಲ್ಲಿ ಮಗಳು ಹುಟ್ಟಿದಳು. ೧೮೮೩ರಲ್ಲಿ ಪತಿಯು ದುರ್ಮರಣಕ್ಕೀಡಾದನು. ಈ ದುಃಖದಲ್ಲಿ ಆಕೆಗೆ ಆಸರೆಯಾದುದು ವಿದ್ಯೆಯೇ. ಮಿಟ್ಟಾಗ್-ಲೆಫ್ಲರ್ ಎಂಬ ಪಂಡಿತನ ಪ್ರಯತ್ನದಿಂದ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಬೋಧಿಸುವ ಅವಕಾಶವು ಲಭಿಸಿತು. ೧೮೮೪ರಲ್ಲಿ ಐದು ವರ್ಷಗಳ ಅವಧಿಗೆ ಪ್ರಾಧ್ಯಾಪಿಕೆಯಾಗಿ ನೇಮಕವಾಯಿತು.

ಬೀಳುವ ಕಲ್ಲಿನ ಲೆಕ್ಕವು ಸುಲಭ. ಒಂದು ಬಿಂದುವಿನಲ್ಲಿ ನೆಲೆಗೊಂಡು ಬುಗುರಿಯಂತೆ ತಿರುಗುವ ಘನವಸ್ತುವಿನ ಲೆಕ್ಕವು ಅತಿ ಕಠಿಣ. ಆಯ್ಲರನೂ ಲಗ್ರಾಂಜನೂ ಒಂದೊಂದು ವಿಶೇಷ ಸಂದರ್ಭದಲ್ಲಿ ಅದನ್ನು ಬಿಡಿಸಿದ್ದರು. ಸೋಫಿಯಾ ಮೂರನೆಯದನ್ನು ಕಂಡುಹಿಡಿದಳು. ೧೮೮೮ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಪರಿಷತ್ತು ಬೋರ್ಡಿನ್ ಪಾರಿತೋಷಕಕ್ಕಾಗಿ ಪ್ರಬಂಧಗಳನ್ನು ಕರೆದಾಗ, ಪದ್ಧತಿಯಂತೆ ಲೇಖಕರ ಹೆಸರುಗಳನ್ನು ಮರೆಮಾಡಲಾಗಿತ್ತು. ಬರೆದವರು ಸ್ತ್ರೀಯೋ ಪುರುಷರೋ ಅರಿಯದೆಯೇ ಪರೀಕ್ಷಕರು ಈಕೆಯ ಪ್ರಬಂಧವನ್ನು ಆರಿಸಿ, ಅದರ ಯೋಗ್ಯತೆಯನ್ನು ಮೆಚ್ಚಿ ೩,೦೦೦ ಫ್ರಾಂಕುಗಳ ಬಹುಮಾನವನ್ನು ೫,೦೦೦ಕ್ಕೆ ಏರಿಸಿದರು. ಮರುವರ್ಷ ಸ್ಟಾಕ್‌ಹೋಮಿನ ಹುದ್ದೆಯು ಶಾಶ್ವತವಾಯಿತು. ರಷ್ಯಾದ ವಿಜ್ಞಾನ ಪರಿಷತ್ತೂ ಆಕೆಯನ್ನು ತನ್ನ ಸದಸ್ಯರ ಸಾಲಿಗೆ ಸೇರಿಸಿಕೊಂಡಿತು. ಆದರೂ ಅಲ್ಲಿ ಬೋಧಿಸುವ ಪೀಠವು ಮಾತ್ರ ದೊರೆಯಲಿಲ್ಲ.

೧೮೯೧ನೆಯ ಇಸವಿ ಫೆಬ್ರವರಿ ೧೦ರಂದು, ನಾಲ್ವತ್ತೊಂದರ ಪ್ರಾಯದಲ್ಲಿಯೇ, ಶ್ವಾಸಕೋಶದ ಉರಿಯೂತದಿಂದ ಸೋಫಿಯಾ ಸ್ಟಾಕ್‌ಹೋಮಿನಲ್ಲಿ ಮೃತಳಾದಳು. ಗಣಿತವು ಹೆಣ್ಣುಮಕ್ಕಳಿಗೆ ಎಟುಕದೆಂದು ಭಾವಿಸುವ ತಾಯಿತಂದೆಗಳು ಈಕೆಯ ಚರಿತ್ರೆಯನ್ನು ಮನಸ್ಸಿಗೆ ತಂದುಕೊಳ್ಳಲಿ. ಗೃಹಿಣಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು, ಮಗಳು ಸೂತ್ರವನ್ನು ಒಪ್ಪಿಸುವಾಗ, ಅದು ಹೇಗೆ ಬಂದಿತೆಂದು ಒಮ್ಮೆ ಕೇಳಲಿ. ಆ ಪ್ರಶ್ನೆಯಿಂದಲೇ ವಿದ್ಯೆಯು ಆರಂಭವಾಗುವುದು.