ಸಮ್ಮೋಹನದ ಮರ್ಮವನ್ನರಿತ ಗೋವೆಯ ಪಾದ್ರಿ: ಅಬ್ಬೆ ಫಾರಿಯಾ

ಪಣಜಿಯಲ್ಲಿ ಮಾಂಡವಿ ನದಿಯ ದಂಡೆಗೆ ಹಳೆಯ ಸಚಿವಾಲಯದ ಕಟ್ಟಡವಿದೆ. ಅದು ಮೂಲತಃ ವಿಜಾಪುರದ ಆದಿಲಶಾಹಿ ಅರಸರ ಅರಮನೆಯಾಗಿತ್ತೆಂಬುದನ್ನು ನೆನೆದಾಗ ನಮ್ಮ ಕಡೆಯ ಜನರಿಗೆ ಸಹಜವಾಗಿಯೇ ಅಭಿಮಾನವೆನಿಸುತ್ತದೆ. ಅದರ ಪಕ್ಕದಲ್ಲಿಯೇ ವಿಚಿತ್ರ ಭಂಗಿಯ ಪ್ರತಿಮೆಯೊಂದು ನಿಂತಿದೆ. ನಿಲುವಂಗಿ ತೊಟ್ಟ ಪಾದ್ರಿಯೊಬ್ಬರು ಎರಡೂ ಕೈಗಳನ್ನು ಚಾಚಿ, ಹಿಂದಕ್ಕೆ ಒರಗುತ್ತಿರುವ ಸ್ತ್ರೀಯೊಬ್ಬಳ ಮೇಲೆ ಬಾಗಿದ್ದಾರೆ. ಶಾಲೆಯ ಪ್ರವಾಸದಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಒಬ್ಬನಾದರೂ ಹುಡುಗ, ಇವನು ಮಾಟಗಾರನೇ ಗುರುಗಳೇ ಎಂದು ಕೇಳದೆ ಇರುತ್ತಿರಲಿಲ್ಲ. ಇನ್ನೂರು ವರ್ಷಗಳ ಹಿಂದೆ ಪ್ಯಾರಿಸ್ ನಗರದ ಜನರೂ ಇದೇ ಪ್ರಶ್ನೆಯನ್ನು ಕೇಳಿದ್ದರು. ತಾನು ಮಾಟಗಾರನಲ್ಲ, ತನ್ನ ಕೈಯಲ್ಲಿ ಯಾವ ಶಕ್ತಿಯೂ ಇಲ್ಲ ಎಂದು ಹೇಳುವುದರಲ್ಲಿಯೇ ಆ ಪಾದ್ರಿ ತಮ್ಮ ಕೊನೆಯ ವರ್ಷಗಳನ್ನು ಸವೆಸಿದರು. ಅವರೇ ಜೋಸೆ ಕುಸ್ತೋದಿಯೊ ದ ಫಾರಿಯಾ. ಲೋಕಕ್ಕೆ ಅಬ್ಬೆ ಫಾರಿಯಾ.

ಫಾರಿಯಾರು ಜನಿಸಿದ್ದು 1756ರಲ್ಲಿ, ಬಾರ್ದೇಶ ತಾಲೂಕಿನ ಕಾಂದೋಳಿ ಗ್ರಾಮದಲ್ಲಿ. ತಂದೆ ಕೋಲ್ವಾಳದ ಕಾಯೆತಾನೊ ವಿತೊರಿನೊ, ತಾಯಿ ರೋಜಾ ಮಾರಿಯಾ. ತಂದೆಯ ಪೂರ್ವಿಕರು ಮತಾಂತರಕ್ಕೆ ಮೊದಲು ಸಾರಸ್ವತ ಶೆಣೈ ಮನೆತನದವರಾಗಿದ್ದರೆಂದು ಹೇಳುತ್ತಾರೆ. ದಂಪತಿಗಳಲ್ಲಿ ಹೊಂದಾಣಿಕೆಯಾಗದೆ, ಧರ್ಮಪೀಠದ ಅನುಮತಿ ಪಡೆದು ಅವರು ಬೇರೆಯಾದರು. ತಂದೆ ಪಾದ್ರಿಯಾದರು. ತಾಯಿ ಹಳೆಗೋವೆಯ ಸಾಂತಾ ಮೋನಿಕಾ ಮಠವನ್ನು ಸೇರಿ ಸನ್ಯಾಸಿನಿಯಾದರು. ಆ ಭವ್ಯ ಮಠವನ್ನು ಇಂದಿಗೂ ಕಾಣಬಹುದು.

1771ರಲ್ಲಿ ತಂದೆ ಮಗನನ್ನು ಕರೆದುಕೊಂಡು ಹಡಗನ್ನೇರಿದರು. ಹಲವು ತಿಂಗಳ ಸಮುದ್ರಯಾನದ ನಂತರ ಲಿಸ್ಬನ್ ತಲುಪಿದಾಗ ಬಾಲಕನಿಗೆ ಹದಿನೈದು ವರ್ಷ. ಮುಂದೆ ಅವರು ಹುಟ್ಟೂರನ್ನು ಕಾಣಲೇ ಇಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಪರಭಾಷೆಯ ನಡುವೆ ಬದುಕು ಕಟ್ಟಿಕೊಂಡ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೋರ್ತುಗಾಲದ ದೊರೆ ಒಂದನೆಯ ಜೋಸೆಯ ಕೃಪೆಯಿಂದ ಫಾರಿಯಾರಿಗೆ ರೋಮ್ ನಗರದಲ್ಲಿ ಓದುವ ಅವಕಾಶ ದೊರೆಯಿತು. 1780ರಲ್ಲಿ ಅಲ್ಲಿ ಪಾದ್ರಿ ದೀಕ್ಷೆ ಪಡೆದು, ಧರ್ಮಶಾಸ್ತ್ರದಲ್ಲಿ ಡಾಕ್ಟರ್ ಪದವಿಯನ್ನೂ ಗಳಿಸಿ ಅವರು ಲಿಸ್ಬನ್ನಿಗೆ ಮರಳಿದರು. ಅಲ್ಲಿ ನಡೆದುದೆಂದು ಗೋವೆಯ ಮನೆಮನೆಗಳಲ್ಲಿ ಹೇಳುವ ಕಥೆಯೊಂದಿದೆ. ರಾಣಿಯ ಸಮ್ಮುಖದಲ್ಲಿ ಪ್ರವಚನ ಮಾಡಲು ವೇದಿಕೆಯನ್ನೇರಿದ ತರುಣ ಪಾದ್ರಿಗೆ ಆ ಮಹಾಸಭೆಯನ್ನು ಕಂಡು ಬಾಯಿ ಕಟ್ಟಿಹೋಯಿತಂತೆ. ಹತ್ತಿರದಲ್ಲಿದ್ದ ತಂದೆ ಮೆಲ್ಲನೆ ಕೊಂಕಣಿಯಲ್ಲಿ, ಎದುರಿಗಿರುವುದೆಲ್ಲ ಕಾಯಿಪಲ್ಲೆ, ಹೆಚ್ಚಿಬಿಡು ಎಂಬರ್ಥದ ಮಾತನ್ನು ಪಿಸುಗುಟ್ಟಿದರಂತೆ. ಒಡನೆಯೇ ಭಯ ಹಾರಿಹೋಗಿ ಪ್ರವಚನ ಸುಗಮವಾಗಿ ಸಾಗಿತು. ಒಂದು ಮಾತು ಮನುಷ್ಯನ ಮೈಮನಗಳನ್ನು ಹೀಗೆ ಮಾರ್ಪಡಿಸುವುದು ಹೇಗೆಂಬ ಚಿಂತನೆ ಅಲ್ಲಿಂದಲೇ ಮೊಳೆಯಿತೆಂದು ಹೇಳುವುದುಂಟು. ಕಥೆ ನಡೆದದ್ದೇ ಇರಲಿ, ಕಟ್ಟಿದ್ದೇ ಇರಲಿ, ಅವರ ಮುಂದಿನ ಸಿದ್ಧಾಂತಕ್ಕೆ ಇದಕ್ಕಿಂತ ಸರಳವಾದ ಪೀಠಿಕೆ ನನಗೆ ದೊರೆತಿಲ್ಲ.

ಈ ನಡುವೆ ತಾಯ್ನಾಡಿನಲ್ಲಿ ಕಿಡಿಯೆದ್ದಿತು. ವಿದ್ಯೆಯಲ್ಲಿ ಯಾರಿಗೂ ಕಡಿಮೆಯಿಲ್ಲದ ಗೋವೆಯ ಪಾದ್ರಿಗಳಿಗೆ ಉನ್ನತ ಧರ್ಮಾಧಿಕಾರಗಳು ದೊರೆಯದಿದ್ದುದು ಅಸಮಾಧಾನಕ್ಕೆ ಕಾರಣವಾಗಿ, 1787ರಲ್ಲಿ ಪೋರ್ತುಗೀಜ್ ಆಡಳಿತವನ್ನೇ ಕಿತ್ತೊಗೆಯುವ ಸಂಚು ರೂಪುಗೊಂಡಿತು. ಕಾಂದೋಳಿಯ ಪಿಂಟೊ ಮನೆತನದಿಂದಾಗಿ ಇದಕ್ಕೆ ಪಿಂಟೊಗಳ ದಂಗೆಯೆಂದೇ ಹೆಸರು. ಸಂಚು ಬಯಲಾಗಿ 47 ಜನರು ಸೆರೆಯಾದರು. 15 ಮಂದಿಯನ್ನು ಅತಿ ಕ್ರೂರವಾಗಿ ವಧಿಸಲಾಯಿತು. ಸಂಶಯದ ಕಣ್ಣು ಲಿಸ್ಬನ್ನಿನಲ್ಲಿದ್ದ ಫಾರಿಯಾ ತಂದೆಮಕ್ಕಳ ಮೇಲೂ ಬಿತ್ತು. 1788ರಲ್ಲಿ ಮಗ ಪ್ಯಾರಿಸ್ಸಿಗೆ ತೆರಳಿದರು.

ಮರುವರ್ಷವೇ ಫ್ರಾನ್ಸಿನ ಮಹಾಕ್ರಾಂತಿ! ಅರಸೊತ್ತಿಗೆ ಉರುಳಿತು, ದೊರೆಯ ತಲೆಯೂ ಉರುಳಿತು. 1795ರ ಅಕ್ಟೋಬರದಲ್ಲಿ ಕ್ರಾಂತಿಸರಕಾರದ ರಾಷ್ಟ್ರಸಭೆಯ ವಿರುದ್ಧವೇ ಪ್ಯಾರಿಸ್ ಜನರು ಬಂಡೆದ್ದಾಗ, ಬಂಡುಗಾರರ ಒಂದು ತುಕಡಿಯ ಮುಂದಾಳಾಗಿ ನಿಂತವರು ನಮ್ಮ ಕಾಂದೋಳಿಯ ಪಾದ್ರಿ. ಆ ದಂಗೆಯನ್ನು ತೋಪು ಹಾರಿಸಿ ಅಡಗಿಸಿದವನು ನೆಪೋಲಿಯನ್ ಎಂಬುದನ್ನು ಹೈಸ್ಕೂಲಿನ ಇತಿಹಾಸದಲ್ಲಿ ಓದಿದವರಿಗೆ ನೆನಪಿರಬಹುದು.

ಇನ್ನು ಅವರ ಮುಖ್ಯ ಕಾರ್ಯದ ಕಡೆಗೆ ಬರೋಣ. ಮೆಸ್ಮರ್ ಎಂಬ ವೈದ್ಯ 1778ರಲ್ಲಿ ಪ್ಯಾರಿಸ್ಸಿಗೆ ಬಂದು, ಪ್ರತಿಯೊಬ್ಬರ ದೇಹದಲ್ಲಿಯೂ ಅಯಸ್ಕಾಂತದಂತಹ ಅಗೋಚರ ದ್ರವವೊಂದು ಹರಿಯುತ್ತದೆ, ಅದನ್ನು ತಾನು ಹತೋಟಿಯಲ್ಲಿಟ್ಟು ರೋಗ ಕಳೆಯಬಲ್ಲೆನೆಂದು ಸಾರಿದ್ದನು. ದೊಡ್ಡ ತೊಟ್ಟಿಯ ಸುತ್ತ ರೋಗಿಗಳು ಕುಳಿತು, ಅದರೊಳಗಿಂದ ಹೊರಬಂದ ಕಬ್ಬಿಣದ ಸರಳುಗಳನ್ನು ಹಿಡಿಯುತ್ತಿದ್ದರು; ಕೆಲವರು ಮೂರ್ಛೆ ಹೋಗುತ್ತಿದ್ದರು. 1784ರಲ್ಲಿ ದೊರೆ ನೇಮಿಸಿದ ಆಯೋಗದಲ್ಲಿ ಅಮೆರಿಕದ ಫ್ರಾಂಕ್ಲಿನ್, ರಸಾಯನಶಾಸ್ತ್ರಜ್ಞ ಲವಾಸಿಯೆ ಮೊದಲಾದ ಘನ ವಿದ್ವಾಂಸರಿದ್ದರು. ಅವರು ಪರೀಕ್ಷೆ ನಡೆಸಿ, ದ್ರವವೆಂಬುದೇ ಇಲ್ಲ, ಎಲ್ಲವೂ ಕಲ್ಪನೆಯ ಆಟವೆಂದು ತೀರ್ಪಿತ್ತರು. ತೀರ್ಪೇನೋ ಸರಿಯೇ. ಆದರೆ ಬರಿಯ ಕಲ್ಪನೆ ಮನುಷ್ಯನನ್ನು ಮೂರ್ಛೆಗೊಳಿಸುವುದಾದರೆ ಆ ಕಲ್ಪನೆಯ ಬಲವೆಷ್ಟು ಎಂದು ಅವರು ಮುಂದೆ ಕೇಳಲಿಲ್ಲ. ಕೇಳಿದವರು ಫಾರಿಯಾ.

ಅವರೇನೂ ಮೊದಲಿನಿಂದಲೇ ಎಲ್ಲವನ್ನೂ ತಿಳಿದವರಾಗಿರಲಿಲ್ಲ. ಔತಣಕೂಟವೊಂದರಲ್ಲಿ ಪಂಜರದ ಹಕ್ಕಿಯನ್ನು ಅಯಸ್ಕಾಂತ ಶಕ್ತಿಯಿಂದಲೇ ಕೊಲ್ಲುವೆನೆಂದು ಹೊರಟು, ಹಕ್ಕಿ ಜಗ್ಗದೆ ನಗೆಪಾಟಲಾದುದನ್ನು ಪ್ರಸಿದ್ಧ ಸಾಹಿತಿ ಶಾತೋಬ್ರಿಯಾ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. 1811ರಿಂದ ಕೆಲವು ಕಾಲ ಮಾರ್ಸೇಲ್ಸ್ ಮತ್ತು ನೀಮ್ ನಗರಗಳಲ್ಲಿ ಅಧ್ಯಾಪಕರಾಗಿದ್ದು, 1813ರಲ್ಲಿ ಅವರು ಪ್ಯಾರಿಸ್ಸಿನ ಕ್ಲಿಶಿ ಬೀದಿಯಲ್ಲಿ ಬಹಿರಂಗ ಪ್ರಯೋಗಗಳನ್ನು ಆರಂಭಿಸಿದರು. ಪ್ರವೇಶಕ್ಕೆ 5 ಫ್ರಾಂಕ್. ಕಪ್ಪು ಮೈಬಣ್ಣದ, ಎತ್ತರದ ಆ ಪಾದ್ರಿಯನ್ನು ನೋಡಲು ಶ್ರೀಮಂತ ಮಹಿಳೆಯರು ಕಿಕ್ಕಿರಿದು ಬರುತ್ತಿದ್ದರು.

ಅವರ ವಿಧಾನ ಅತ್ಯಂತ ಸರಳ. ತೊಟ್ಟಿಯಿಲ್ಲ, ಸರಳುಗಳಿಲ್ಲ, ಮಂತ್ರವೂ ಇಲ್ಲ. ವ್ಯಕ್ತಿಯನ್ನು ಕುರ್ಚಿಯಲ್ಲಿ ಆರಾಮವಾಗಿ ಕೂಡಿಸಿ, ಕಣ್ಣು ಮುಚ್ಚಿ ನಿದ್ರೆಯನ್ನೇ ನೆನೆಯಲು ಹೇಳಿ, ಮಲಗು ಎಂದು ಗಟ್ಟಿಯಾಗಿ ಆಜ್ಞಾಪಿಸುವುದು. ಫಲಿಸದಿದ್ದರೆ ತಮ್ಮ ತೆರೆದ ಅಂಗೈಯನ್ನೇ ದಿಟ್ಟಿಸಿ ನೋಡಲು ಹೇಳುವುದು. ಕೆಲವರು ನಿದ್ರೆ ಹೋಗುತ್ತಿದ್ದರು, ಹಲವರು ಹೋಗುತ್ತಿರಲಿಲ್ಲ. ಆ ನಿದ್ರೆಯಲ್ಲಿರುವವನಿಗೆ ನೀರು ಕೊಟ್ಟು ಬೇರೊಂದು ಪಾನೀಯವೆಂದರೆ ಅದೇ ರುಚಿ ಕಾಣುತ್ತಿತ್ತು. ಇದನ್ನೆಲ್ಲ ತಮ್ಮ ದೈವೀಶಕ್ತಿಯೆಂದು ಹೇಳಿಕೊಂಡಿದ್ದರೆ ಹಣಕ್ಕೂ ಕೀರ್ತಿಗೂ ಕೊರತೆಯಿರುತ್ತಿರಲಿಲ್ಲ. ಬದಲಾಗಿ ಅವರು ಸಾರಿದ್ದೇನೆಂದರೆ, ನಿದ್ರೆಗೆ ಕಾರಣ ನಿದ್ರಿಸುವವನ ಏಕಾಗ್ರತೆ ಮತ್ತು ನಂಬಿಕೆಯೇ ಹೊರತು ನಿದ್ರೆಗೊಳಿಸುವವನ ಶಕ್ತಿಯಲ್ಲ. ನಲವತ್ತು ಮಕ್ಕಳ ತರಗತಿಯ ಮುಂದೆ ನಿಂತ ಯಾವ ಶಿಕ್ಷಕನಿಗೂ ಇದರ ಸತ್ಯ ಗೊತ್ತು. ಬಹಿರಂಗವಾಗಿ ಒಪ್ಪಿಕೊಳ್ಳುವವರು ಮಾತ್ರ ವಿರಳ. ರಕ್ತ ತೆಳುವಾಗಿದ್ದವರಿಗೆ ಈ ನಿದ್ರೆ ಬೇಗ ಬರುತ್ತದೆಂಬ ಅವರ ಇನ್ನೊಂದು ಅಭಿಪ್ರಾಯ ಮಾತ್ರ ಕಾಲದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ಹೀಗೆ ನುಡಿದುದರಿಂದ ಎಲ್ಲರೂ ವೈರಿಗಳಾದರು. ಅಯಸ್ಕಾಂತವಾದಿಗಳಿಗೆ ತಮ್ಮ ದ್ರವವನ್ನು ಅಲ್ಲಗಳೆದನೆಂಬ ಕೋಪ. ಧರ್ಮಪಂಡಿತರಿಗೆ ಇದು ಸೈತಾನನ ವಿದ್ಯೆಯೆಂಬ ಸಂಶಯ. ಕೊನೆಯ ಪೆಟ್ಟು ಬಿದ್ದದ್ದು ರಂಗಭೂಮಿಯಿಂದ. ಹಾಸ್ಯನಟನೊಬ್ಬನು ನಿದ್ರೆ ಬಂದಂತೆ ನಟಿಸಿ, ಆಮೇಲೆ ಕಣ್ಣು ತೆರೆದು, ತುಂಬಿದ ಸಭೆಯಲ್ಲಿ ಅವರನ್ನು ಅಪಹಾಸ್ಯ ಮಾಡಿದನು. 1816ರಲ್ಲಿ ಅವರನ್ನೇ ಗೇಲಿ ಮಾಡುವ ಪ್ರಹಸನವೊಂದು ಪ್ಯಾರಿಸ್ಸಿನ ರಂಗಮಂದಿರದಲ್ಲಿ ಪ್ರದರ್ಶನಗೊಂಡು ಜನಪ್ರಿಯವಾಯಿತು. ಒಬ್ಬನು ಮೋಸದಿಂದ ಕಣ್ಣು ಮುಚ್ಚಿದನೆಂದ ಮಾತ್ರಕ್ಕೆ ಸಿದ್ಧಾಂತ ಸುಳ್ಳಾಗುವುದೇ? ಅದನ್ನು ವಿಚಾರಿಸುವ ವ್ಯವಧಾನ ಯಾರಿಗೂ ಇರಲಿಲ್ಲ. ಸಭೆಗಳು ಬರಿದಾದವು. ಫಾರಿಯಾರು ಒಂದು ಧಾರ್ಮಿಕ ಸಂಸ್ಥೆಯಲ್ಲಿ ಪಾದ್ರಿಯ ಕೆಲಸ ಹಿಡಿದು, ಫ್ರೆಂಚ್ ಭಾಷೆಯಲ್ಲಿ ಪ್ರಜ್ಞಾಯುಕ್ತ ನಿದ್ರೆಯ ಕಾರಣವನ್ನು ಕುರಿತ ಗ್ರಂಥವನ್ನು ಬರೆಯತೊಡಗಿದರು. 1819ರಲ್ಲಿ ಅದರ ಮೊದಲ ಸಂಪುಟವಷ್ಟೇ ಹೊರಬಂತು. ಅದೇ ವರ್ಷ ಸೆಪ್ಟೆಂಬರದಲ್ಲಿ ಅವರು ಮರಣ ಹೊಂದಿದರು. ಮೊಂಮಾರ್ತ್ರ್ ಸ್ಮಶಾನದಲ್ಲಿ ಅವರ ಸಮಾಧಿಯ ಗುರುತೂ ಇಲ್ಲ.

ಸತ್ತ ನಂತರವೂ ಅವರಿಗೆ ಸ್ವಂತ ರೂಪ ದಕ್ಕಲಿಲ್ಲ. 1844ರಿಂದ ಪ್ರಕಟವಾದ ಅಲೆಕ್ಸಾಂಡರ್ ದ್ಯುಮಾನ ಕೌಂಟ್ ಆಫ್ ಮಾಂಟೆ ಕ್ರಿಸ್ಟೊ ಕಾದಂಬರಿಯಲ್ಲಿ ಸೆರೆಮನೆಯಲ್ಲಿದ್ದುಕೊಂಡೇ ನಾಯಕನಿಗೆ ವಿದ್ಯೆ ಕಲಿಸುವ ಅಬ್ಬೆ ಫಾರಿಯಾ ಬರುತ್ತಾನೆ. ಆದರೆ ಅವನು ಇಟಲಿಯವನು! ನಿಜವಾದ ಫಾರಿಯಾರೂ ಆ ಸೆರೆಮನೆಯಲ್ಲಿದ್ದರೆಂಬುದು ಕಾದಂಬರಿಯಿಂದ ಹುಟ್ಟಿದ ಮಾತೆಂದೇ ನನ್ನ ಭಾವನೆ. ಸಮ್ಮೋಹನಕ್ಕೆ ಹಿಪ್ನಾಟಿಸಂ ಎಂಬ ಹೆಸರನ್ನು ರೂಢಿಗೆ ತಂದ ಕೀರ್ತಿ 1840ರ ದಶಕದಲ್ಲಿ ಬ್ರೇಡ್ ಎಂಬ ಶಸ್ತ್ರವೈದ್ಯನಿಗೆ ಸಂದಿತು. ಮುಂದೆ ಫ್ರಾನ್ಸಿನ ನಾನ್ಸಿ ನಗರದಲ್ಲಿ ಬೆರ್ನ್‌ಹೈಮ್ ಮೊದಲಾದ ವೈದ್ಯರು, ಸಮ್ಮೋಹನವೆಂದರೆ ಸೂಚನೆಯ ಪ್ರಭಾವವೇ ಎಂದು ಸ್ಥಾಪಿಸುವಾಗ, ಇದನ್ನು ಮೊದಲು ಕಂಡವರು ಫಾರಿಯಾ ಎಂದು ಒಪ್ಪಿಕೊಂಡರು. 1889ರಲ್ಲಿ ಆ ವೈದ್ಯರಲ್ಲಿಗೆ ಕಲಿಯಲು ಬಂದವರಲ್ಲಿ ತರುಣ ಫ್ರಾಯ್ಡ್ ಕೂಡ ಒಬ್ಬರು.

ಗೋವೆಯವರೇ ಆದ ಡಾ. ದಾಲ್ಗಾದೊ 1906ರಲ್ಲಿ ಫಾರಿಯಾರ ಚರಿತ್ರೆಯನ್ನು ಬರೆದರು. ಮುಂದೆ 1949ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಪೋರ್ತುಗಾಲದ ವೈದ್ಯ ಎಗಾಸ್ ಮೋನಿಜ್ 1925ರಲ್ಲಿಯೇ ಅವರ ಮೇಲೆ ಒಂದು ಗ್ರಂಥವನ್ನು ರಚಿಸಿದ್ದರು. ಪಣಜಿಯ ಪ್ರತಿಮೆಯನ್ನು ಮಡಕಈ ಗ್ರಾಮದ ಶಿಲ್ಪಿ ರಾಮಚಂದ್ರ ಪಾಂಡುರಂಗ ಕಾಮತರು ರೂಪಿಸಿದರು; 1945ರಲ್ಲಿ, ಪೋರ್ತುಗೀಜರ ಆಳ್ವಿಕೆಯಲ್ಲಿಯೇ, ಅದರ ಅನಾವರಣವಾಯಿತು. ಮಡಗಾಂವದಲ್ಲಿ ಅವರ ಹೆಸರಿನ ರಸ್ತೆಯೂ ಇದೆ.