ಕೊನೆಯ ಷರತ್ತು

ಫೋರ್ಟ್ ಕೊಚ್ಚಿಯಲ್ಲಿ ಆಟೊ ಇಳಿದರೂ ಫೋನು ಸ್ಟಾರ್ ಕೇಳುತ್ತದೆ. ಆಪ್ತಸಮಾಲೋಚಕರ ಕೋಣೆಯಿಂದ ಹೊರಬಂದವರನ್ನು ಕೇಳುವವರು ಕಡಿಮೆ. ಹಾಗೆ ಕೇಳಲು ದಾರಿ ಮಾಡಿಕೊಟ್ಟವರು ಕಾರ್ಲ್ ರೋಜರ್ಸ್.

1902ರಲ್ಲಿ ಅಮೆರಿಕದ ಓಕ್ ಪಾರ್ಕ್‌ನಲ್ಲಿ ಹುಟ್ಟಿದ ಅವರು ಕಾಲೇಜು ಸೇರಿದ್ದು ಕೃಷಿ ಓದಲು. ಆಮೇಲೆ ಮನಶ್ಶಾಸ್ತ್ರ. ರಾಚೆಸ್ಟರ್‌ನಲ್ಲಿ ಹನ್ನೆರಡು ವರ್ಷ ನೊಂದ ಮಕ್ಕಳ ಜೊತೆ ಕೆಲಸ. 1940ರಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯ ಸೇರಿ, ಚಿಕಿತ್ಸೆಯ ಮಾತುಕತೆಯನ್ನು ತಟ್ಟೆಗಳಲ್ಲಿ ಧ್ವನಿಮುದ್ರಿಸತೊಡಗಿದರು. ಒಂದೊಂದು ತಟ್ಟೆಯೂ ಕೆಲವೇ ನಿಮಿಷಕ್ಕೆ ತುಂಬುತ್ತಿತ್ತು. 1942ರ ಅವರ ಪುಸ್ತಕದಲ್ಲಿ ಒಬ್ಬರ ಇಡೀ ಚಿಕಿತ್ಸೆ ಮಾತಿಗೆ ಮಾತು ಅಚ್ಚಾಯಿತು. ಲಾಗ್ ನೋಡದೆ ದೋಷ ಹುಡುಕಲಾಗದ ನಮ್ಮಂಥ ಎಂಜಿನಿಯರುಗಳಿಗೆ ಇದರ ಬೆಲೆ ಗೊತ್ತು. ಬಂದವರನ್ನು ರೋಗಿ ಎನ್ನುವುದನ್ನೂ ಅವರು ಬಿಟ್ಟರು.

1957ರ ಲೇಖನದಲ್ಲಿ ಆರು ಷರತ್ತು ಹಾಕಿದರು. ನನಗೆ ದೊಡ್ಡದೆನಿಸುವುದು ಕೊನೆಯದು. ಚಿಕಿತ್ಸಕರು ಅರ್ಥಮಾಡಿಕೊಂಡರೆ ಸಾಲದು. ಅರ್ಥಮಾಡಿಕೊಂಡಿದ್ದಾರೆಂದು ಎದುರಿಗಿರುವವರಿಗೆ ಸ್ವಲ್ಪವಾದರೂ ಅನಿಸಬೇಕು. ಅರ್ಧ ಇಂಗ್ಲಿಷು, ಅರ್ಧ ಮಲಯಾಳದಲ್ಲಿ ಸಂಕಟ ಹೇಳಿಕೊಳ್ಳುವ ಇಲ್ಲಿನ ಕನ್ನಡಿಗರಿಗೆ ಇದು ಸಣ್ಣ ಮಾತಲ್ಲ. ಹಾಗಾದರೆ ಅಳೆಯುವವರೂ ಅವರೇ ಆಗಬೇಕಲ್ಲ? ಶಿಷ್ಯ ಬ್ಯಾರೆಟ್-ಲೆನಾರ್ಡ್ 1962ರಲ್ಲಿ ಅದಕ್ಕೊಂದು ಪ್ರಶ್ನಾವಳಿ ಪ್ರಕಟಿಸಿದರು.

ರೋಜರ್ಸ್ 1987ರಲ್ಲಿ ತೀರಿಕೊಂಡರು. ಎರಡು ವರ್ಷದ ಬಳಿಕ ಕೆನಡಾದ ಹೊರ್ವಾತ್ ಮತ್ತು ಗ್ರೀನ್‌ಬರ್ಗ್ 36 ಪ್ರಶ್ನೆಗಳ ಪಟ್ಟಿ ತಂದರು. ಚಿಕಿತ್ಸೆ ಫಲಿಸೀತೇ ಎಂಬುದನ್ನು ಚಿಕಿತ್ಸಕರು ಕೊಟ್ಟ ಅಂಕಕ್ಕಿಂತ ಬಂದವರು ಕೊಟ್ಟ ಅಂಕವೇ ಚೆನ್ನಾಗಿ ಹೇಳುತ್ತದೆಂದು 1991ರ ಹೊತ್ತಿಗೆ ಅಧ್ಯಯನಗಳು ತೋರಿಸಿದ್ದವು.